ಹೊಸ್ತಿಲೂ ಹಂಗೂ

ನಡೆಯಲಾರದವನನ್ನು ನಾಲ್ವರು ಎತ್ತಿ ಕಾಡಿನ ಕುಟೀರದೊಳಗೆ ಕುಳ್ಳಿರಿಸಿದರೆ ಅದು ದಯೆಯೇ ಅಹುದು. ಆದರೆ ಹೊರಬರಲು ಆತನು ಮತ್ತೆ ಆ ನಾಲ್ವರ ದಾರಿಯನ್ನೇ ಕಾಯಬೇಕಲ್ಲವೆ? ಹಂಗಿನಲ್ಲಿ ಕಂಡ ವನಶ್ರೀಯು ಅರ್ಧದರ್ಶನವೇ ಸರಿ.

ಅಮೆರಿಕಾ ದೇಶದಲ್ಲಿ 1990ರ ಅಂಗವಿಕಲರ ಶಾಸನವು ಈ ಹಂಗನ್ನು ಹರಿಯಲೆಳಸಿತು. ಅದನ್ನನುಸರಿಸಿದ ಕಟ್ಟಡದ ನಿಯಮಗಳಂತೆ ಗಾಲಿಕುರ್ಚಿಯು 1 ಅಡಿ ಏರಲು 12 ಅಡಿಯ ಇಳುಕಲು ಹಾದಿ, ಒಳಹೋಗಲು ಕನಿಷ್ಠ 32 ಅಂಗುಲದ ಬಾಗಿಲು, ಸುತ್ತ ತಿರುಗಲು 60 ಅಂಗುಲದ ಬಯಲು ಬೇಕು. 2 ಅಡಿಯ ಜಗಲಿಗೆ 24 ಅಡಿಯ ಹಾದಿ!

ಇದರಿಂದ ಅರಣ್ಯದ ಸಹಜತೆಯು ಕೆಡದೆ ಎಂದು ಕೇಳುವವರುಂಟು. ಪ್ರಶ್ನೆಯು ಹಗುರವಾದುದಲ್ಲ. 1964ರ ಕಾಯಿದೆಯಿಂದ ರಕ್ಷಿತವಾದ ನಿರ್ಜನಾರಣ್ಯಗಳಲ್ಲಿ ಗಾಲಿಕುರ್ಚಿಗೆ ನಿಷೇಧವಿಲ್ಲವೆಂದ ಆ ಶಾಸನವೇ, ಅದಕ್ಕಾಗಿ ಅಲ್ಲಿ ಹಾದಿಯನ್ನು ಕಡಿಯಲೇಬೇಕೆಂದು ವಿಧಿಸಲಿಲ್ಲ. ಆದುದರಿಂದ ಒಳಗಾಡು ಇದ್ದಂತೆಯೇ ಇರಲಿ. ಕುಟೀರವು ಅಂಚಿನಲ್ಲಿ ನಿಲ್ಲಲಿ. ಆದರೆ ತಮ್ಮ ಮೆಟ್ಟಿಲಿಗಾಗಿ ನೆಲವನ್ನಗೆದವರು ಅನ್ಯರ ಇಳುಕಲಿಗೆ ಮಾತ್ರ ಅರಣ್ಯದ ಹೆಸರೆತ್ತುವುದು ನ್ಯಾಯವೆನಿಸದು.

ಇನ್ನು ಕಿಟಕಿಯ ಮಾತು. ಬಾಗಿಲನ್ನು ಅಗಲಿಸಿದ ಬಡಗಿಯು ಇದನ್ನು ಮರೆತನಾದರೆ, ನಿಂತವನಿಗೆ ಕಾಡು ಕಾಣುವಲ್ಲಿ ಕುಳಿತವನಿಗೆ ಕಾಣುವುದು ಬರಿಯ ಹಲಗೆ.