ಪಾತಕಿಯ ಪುಸ್ತಕ

ದುಷ್ಟರ ಸಂಗ ಬೇಡವೆಂದು ನಮ್ಮ ಹಿರಿಯರು ಹೇಳಿದರು. ದುಷ್ಟನು ಬರೆದ ಪುಸ್ತಕದ ಸಂಗ ಹೇಗೆಂಬುದನ್ನು ಹೇಳಲಿಲ್ಲ. ಹಿಟ್ಲರನ ‘ಮೈನ್ ಕಾಂಪ್ಫ್’ ನಮ್ಮ ದೇಶದಲ್ಲಿ ನಿಷಿದ್ಧವಲ್ಲ. ಹಾವೇರಿ, ರಾಣೆಬೆನ್ನೂರುಗಳ ವಾಚಕನೂ ಅದನ್ನು ಸುಲಭವಾಗಿ ತರಿಸಿಕೊಳ್ಳಬಹುದು. ದೊಡ್ಡ ಊರುಗಳ ಅಂಗಡಿಗಳಲ್ಲಂತೂ ಅದು, ಜೀವನದಲ್ಲಿ ಯಶಸ್ಸು ಗಳಿಸುವ ಬಗೆಯನ್ನು ಕಲಿಸುವ ಹೊತ್ತಗೆಗಳ ಮಗ್ಗುಲಲ್ಲೇ ಕುಳಿತಿರುವುದನ್ನು ಕಂಡಿದ್ದೇನೆ. ಕಾನೂನಿನ ತಡೆಯಿಲ್ಲ, ಸರಿ. ಮನಸ್ಸು ಒಪ್ಪಬೇಕೆ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಬಂಧುವೊಬ್ಬರು, ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ ಆ ಪುಸ್ತಕವನ್ನು ಕಂಡು ಕೆರಳಿದ್ದರು. “ಅರವತ್ತು ಲಕ್ಷ ಯೆಹೂದ್ಯರನ್ನ ಕೊಲ್ಲಿಸಿದಾವನ ಮಾತು ನಮ್ಮ ಮನ್ಯಾಗ ಯಾಕ ಬೇಕು?” ಎಂಬುದು ಅವರ ವಾದ. ಹುಡುಗ ನನ್ನತ್ತ ತಿರುಗಿ, “ಬೈಯಾಕಾದ್ರೂ ಓದಬೇಕಲ್ರಿ, ಕಾಕಾ?” ಎಂದ.

ತಂದೆಯ ಮಾತನ್ನು ಹಳಬರ ಅಂಜಿಕೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. 1924ರಲ್ಲಿ ದ್ರೋಹದ ಅಪರಾಧಕ್ಕಾಗಿ ಐದು ವರ್ಷದ ಸಜೆಯಾಗಿ, ಒಂಬತ್ತು ತಿಂಗಳೊಳಗೆ ಲಾಂಡ್ಸ್‌ಬರ್ಗ್ ಸೆರೆಮನೆಯಿಂದ ಹೊರಬಿದ್ದವನು ಅಲ್ಲಿ ತೊಡಗಿದ ಬರಹ ಅದು. 1925 ಮತ್ತು 1926ರಲ್ಲಿ ಎರಡು ಸಂಪುಟಗಳಾಗಿ ಬಂತು. ಬಹುಭಾಗ ಬೇಸರ ತರಿಸುವ ಬರಹವೆಂಬುದು ನಿಜ. ಆದರೆ ಅದರ ಹಂಚಿಕೆ ಸರಳ. ಮೊದಲು ಬಡತನ, ಅವಮಾನ, ಸೋತ ದೇಶದ ಸಂಕಟ. ಓದುವವನ ಮನಸ್ಸು ಕರಗುತ್ತದೆ. ಆಮೇಲೆ ಅಷ್ಟೂ ಸಂಕಟಕ್ಕೆ ಒಬ್ಬ ಹೊಣೆಗಾರನನ್ನು ಬೊಟ್ಟುಮಾಡಿ ತೋರಿಸುತ್ತಾನೆ. ನೌಕರಿ ಸಿಗದೆ ಮನೆಯವರ ಮಾತಿಗೆ ಗುರಿಯಾದ ತರುಣನಿಗೆ, ಅಂಥ ಹೊಣೆಗಾರನನ್ನು ತನ್ನ ಓಣಿಯಲ್ಲೇ ಹುಡುಕುವ ಚಟ ಹತ್ತಲು ಎಷ್ಟು ಹೊತ್ತು? 1940ರಲ್ಲಿ ಅದರ ವಿಮರ್ಶೆ ಬರೆದ ಜಾರ್ಜ್ ಆರ್ವೆಲ್, ಕಡು ವಿರೋಧಿಯಾಗಿದ್ದೂ, ಈ ಮನುಷ್ಯನ ಆಕರ್ಷಣೆಯನ್ನು ಅಲ್ಲಗಳೆಯಲಿಲ್ಲ.

ಆದರೂ ನಾನು ಹುಡುಗನ ಪಕ್ಷ. ಒಂಟಿಯಾಗಿ ಓದಬಾರದೆಂಬುದಷ್ಟೇ ಷರತ್ತು. ಬವೇರಿಯಾ ರಾಜ್ಯದ ಕೈಯಲ್ಲಿದ್ದ ಗ್ರಂಥಸ್ವಾಮ್ಯ 2015ರ ಕೊನೆಗೆ ಮುಗಿದೊಡನೆ, ಮ್ಯೂನಿಕ್ಕಿನ ಸಮಕಾಲೀನ ಇತಿಹಾಸ ಸಂಸ್ಥೆಯವರು 2016ರ ಜನವರಿಯಲ್ಲಿ ಅದನ್ನು ಸುಮಾರು 3,500 ಟಿಪ್ಪಣಿಗಳೊಡನೆ ಹೊರತಂದರು. ಸುಳ್ಳಿನ ಮಗ್ಗುಲಲ್ಲೇ ಅದರ ಖಂಡನೆ. ನಮ್ಮಲ್ಲಿ ಸಿಗುವ ಅಗ್ಗದ ಪ್ರತಿಗಳಿಗೆ ಆ ಕಾವಲಿಲ್ಲ. ಪುಸ್ತಕವನ್ನು ಕಸಿದುಕೊಳ್ಳಬೇಡಿ, ಜೊತೆಗೆ ಆನ್ ಫ್ರಾಂಕಳ ದಿನಚರಿಯನ್ನೂ ತರಿಸಿಕೊಡಿ, ಎರಡನ್ನೂ ನೀವೂ ಓದಿ ಎಂದು ಬಂಧುಗಳಿಗೆ ಹೇಳಿದೆ. “ಅಡತಿ ಲೆಕ್ಕಾ ನೋಡಾಕ ನನಗ ಪುರುಸೊತ್ತಿಲ್ಲ” ಎಂದರು. ಅದೂ ನಿಜವೇ.

ಹುಡುಗನ ಪಕ್ಷ ವಹಿಸಲು ಕಾರಣವುಂಟು. ನಮ್ಮಲ್ಲಿ ಹಿಟ್ಲರನನ್ನು ಓದಿ ಕೆಟ್ಟವರಿಗಿಂತ ಓದದೆ ಮೆಚ್ಚಿದವರೇ ಹೆಚ್ಚೆಂದು ನನ್ನ ಅನಿಸಿಕೆ. ಹಾವೇರಿಯಲ್ಲಿ ರೈಲು ಹತ್ತಿದವರು ರಾಣೆಬೆನ್ನೂರು ಮುಟ್ಟುವುದರೊಳಗೆ ‘ಈ ದೇಶಕ್ಕೊಬ್ಬ ಹಿಟ್ಲರ್ ಬೇಕು’ ಎನ್ನುವುದನ್ನು ಎಷ್ಟು ಸಲ ಕೇಳಿಲ್ಲ! ಇಂಗ್ಲಿಷರ ವೈರಿ, ಆದ್ದರಿಂದ ನಮ್ಮ ಮಿತ್ರ ಎಂಬ ಹಳೆಯ ಲೆಕ್ಕವೂ ಇನ್ನೂ ತೀರಿಲ್ಲ. ಆ ಮಹನೀಯರು ಎರಡನೆಯ ಸಂಪುಟದ ಕೊನೆಯ ಭಾಗವನ್ನು ತೆರೆಯಲಿ. ಯುರೋಪಿನಲ್ಲಿ ತಿರುಗುತ್ತಿದ್ದ ಭಾರತದ ಸ್ವಾತಂತ್ರ್ಯವಾದಿಗಳನ್ನು ಅಲ್ಲಿ ಅವನು ಹೀಯಾಳಿಸುತ್ತಾನೆ. ಭಾರತವು ಬೇರೆಯವರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಆಳಿಕೆಯಲ್ಲೇ ಇರುವುದು ತನಗೆ ಲೇಸೆನ್ನುತ್ತಾನೆ. 1942ರ ಮೇ ತಿಂಗಳಲ್ಲಿ ಸುಭಾಷಚಂದ್ರ ಬೋಸರು ಅವನನ್ನು ಕಂಡಾಗ ಈ ಮಾತುಗಳ ಪ್ರಸ್ತಾಪವನ್ನೆತ್ತಿದರು; ಅವನು ಜಾರಿಕೊಂಡ. ಓದಿದ್ದರಿಂದಲ್ಲವೆ ಬೋಸರು ಕೇಳಬಲ್ಲವರಾದದ್ದು?

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಅವರು ಯಾವುದಕ್ಕಾಗಿ ಪ್ರಾಣ ಕೊಟ್ಟರೋ ಅದನ್ನು ಹಿಟ್ಲರ್ ಎಷ್ಟೋ ವರ್ಷ ಮೊದಲೇ ಅಚ್ಚುಹಾಕಿಸಿ ಹಾಸ್ಯಮಾಡಿದ್ದ. ಹೊಸರಿತ್ತಿ ಹಾವೇರಿ ತಾಲೂಕಿನಲ್ಲೇ ಇದೆ. ಆ ಪುಟಗಳನ್ನು ಓದಿ ಮುಗಿಸಿದವನು ಅಲ್ಲಿಗೂ ಒಮ್ಮೆ ಹೋಗಿಬರಬಹುದು.