ಕಣ್ಣಿಗೆ ಮಾತ್ರ ಕನ್ನಡ

ಪರದೆಯ ಮೇಲೆ ಕಾಣುವ ಕನ್ನಡವೆಲ್ಲ ಕಂಪ್ಯೂಟರಿಗೆ ಕನ್ನಡವಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಬಂದ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಾಠ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವಾಗಿ. ಫಾಂಟು ಅದಕ್ಕೆ ಕನ್ನಡದ ಆಕಾರ ಹೊದಿಸುತ್ತದೆ, ಅಷ್ಟೆ. ಕಣ್ಣಿದ್ದವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ನೆಚ್ಚಿಕೊಂಡ ಅಂಧ ವಿದ್ಯಾರ್ಥಿಯ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಪುಟವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದರೆ ಆ ಸದ್ದೂ ಇಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಯೂನಿಕೋಡ್ ಕನ್ನಡವನ್ನು ಓದುತ್ತದೆ. ವಿದ್ಯಾರ್ಥಿ ಸಿದ್ಧ, ಸಾಧನವೂ ಸಿದ್ಧ, ಕೆಟ್ಟಿರುವುದು ಕಡತ. ಅದನ್ನು ಕೆಡಿಸಿದ್ದು ಪಾಠ ತಯಾರಿಸುವಾಗ ಯಾರೋ ಯೋಚಿಸದೆ ಮಾಡಿದ ಆಯ್ಕೆ. ಹಾಗಾಗಿ ಆನ್‌ಲೈನ್ ಪಾಠ ಎಲ್ಲರಿಗೂ ಎಟಕುವಂತೆ ಮಾಡುವ ಹೊಣೆ ಕಲಿಯುವವರದಲ್ಲ, ನೆರವಿಗೆ ಬರುವ ಸ್ವಯಂಸೇವಕರದೂ ಅಲ್ಲ, ತಯಾರಿಸಿದವರದೇ ಎನ್ನುತ್ತೇನೆ.

ಖರ್ಚಿನ ಮಾತೆತ್ತುವವರಿಗೆ ಬರ್ಕ್ಲಿಯ ಪ್ರಸಂಗ ಒದಗಿಬರುತ್ತದೆ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಲವು ಉಚಿತ ಉಪನ್ಯಾಸಗಳಲ್ಲಿ ಸಬ್‌ಟೈಟಲ್ ಮೊದಲಾದ ಅನುಕೂಲಗಳಿಲ್ಲವೆಂದು 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಕ್ಷೇಪಿಸಿತು. ಮರುವರ್ಷ ವಿಶ್ವವಿದ್ಯಾಲಯ 20,000ಕ್ಕೂ ಹೆಚ್ಚು ಮುದ್ರಿಕೆಗಳನ್ನು ಸಾರ್ವಜನಿಕರ ಕೈಗೆ ಸಿಗದಂತೆ ಮಾಡಿತು. ಕೆಲವರ ಹಟಕ್ಕೆ ಎಲ್ಲರೂ ಬೆಲೆ ತೆತ್ತರು ಎಂಬ ದೂರಿಗೆ ಇದು ಆಧಾರ. ನಷ್ಟವಾದದ್ದು ನಿಜ, ಅಲ್ಲಗಳೆಯಲಾಗದು. ಆದರೆ ಸಬ್‌ಟೈಟಲ್ ಇಲ್ಲದ ಉಪನ್ಯಾಸ ಕಿವುಡರ ಪಾಲಿಗೆ ಮೊದಲ ದಿನದಿಂದಲೂ ಇರಲೇ ಇಲ್ಲ; ಮಿಕ್ಕವರಿಗೆ ತಟ್ಟಿದ ಮೇಲಷ್ಟೇ ಅದು ನಷ್ಟವೆಂದು ಲೆಕ್ಕಕ್ಕೆ ಬಂತು. 2022ರಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಆನ್‌ಲೈನ್ ಪಾಠಗಳನ್ನು ಸರಿಪಡಿಸಲು ಸರ್ಕಾರದೊಡನೆ ಒಪ್ಪಂದಕ್ಕೂ ಬಂತು. ದುಬಾರಿಯಾಗುವುದು ವರ್ಷಗಟ್ಟಲೆ ರಾಶಿ ಬಿದ್ದದ್ದರ ದುರಸ್ತಿ. ಹೊಸ ಪಾಠವನ್ನು ಯೂನಿಕೋಡಿನಲ್ಲಿ ಟೈಪಿಸಲು ಹೆಚ್ಚಿನ ಕಾಸು ಬೇಡ. ನಕ್ಷೆಗೆ ಎರಡು ಸಾಲಿನ ವಿವರಣೆ ಬರೆಯಲು, ‘ಇಲ್ಲಿ ನೋಡಿ’ ಎಂದು ಬೆರಳು ತೋರುವ ಮೇಷ್ಟ್ರು ಅಲ್ಲಿ ಏನಿದೆಯೆಂದು ಬಾಯಿಬಿಟ್ಟು ಹೇಳಲು ತುಸು ಹೊತ್ತು ಸಾಕು. ಸಬ್‌ಟೈಟಲಿಗೆ, ಸಂಜ್ಞಾ ಭಾಷೆಗೆ ಹಣ ಬೇಕೇ ಬೇಕು. ಕ್ಯಾಮೆರಾಕ್ಕೆ ಹಣ ತೆಗೆದಿಡುವಾಗ ಇದಕ್ಕೂ ತೆಗೆದಿಡಬೇಕು.

ಕೃತಕ ಬುದ್ಧಿಮತ್ತೆ ನಾಳೆ ಎಲ್ಲವನ್ನೂ ಸರಿಮಾಡುತ್ತದೆ ಎಂಬುದು ಈಚಿನ ಸಮಾಧಾನ. ಯಂತ್ರದ ನೆರವನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಒಂದು ಒತ್ತಕ್ಷರವನ್ನೋ ಸಮೀಕರಣದ ಒಂದು ಚಿಹ್ನೆಯನ್ನೋ ಅದು ತಪ್ಪಾಗಿ ಓದಿದರೆ, ಮೂಲವನ್ನು ನೋಡಲಾಗದವರು ಆ ತಪ್ಪನ್ನು ಹಿಡಿಯುವುದು ಹೇಗೆ? ಪರಿಶೀಲನೆ ತಯಾರಕರ ಮೇಜಿನಲ್ಲೇ ಆಗಬೇಕು. ನಮ್ಮ ದೇಶದ ಕಾನೂನೂ ಇತ್ತಲೇ ಸಾಗಿದೆ. ವಿದ್ಯುನ್ಮಾನ ಮಾಧ್ಯಮದ ವಿಷಯವೆಲ್ಲ ಅಂಗವಿಕಲರಿಗೆ ಎಟಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿತು. ಅದರಡಿಯ ನಿಯಮಗಳು ಮಾತ್ರ ಬರೀ ಮಾರ್ಗದರ್ಶಿಯ ಧಾಟಿಯಲ್ಲಿದ್ದವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಧಾಟಿ ಕಾಯ್ದೆಗೆ ವಿರುದ್ಧವೆಂದು, ಕಡ್ಡಾಯ ಮಾನದಂಡ ಬೇಕೆಂದು ತೀರ್ಪಿತ್ತಿತು. ಜಾರಿಯ ಮೊದಲ ಹೆಜ್ಜೆಗೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಪಾಠ ಬರೆಸುವ ಸಂಸ್ಥೆ ಬಿಲ್ಲು ಪಾಸು ಮಾಡುವ ಮುಂಚೆ ಆ ಕಡತವನ್ನು ಅಂಧ ಪರೀಕ್ಷಕರೊಬ್ಬರಿಗೆ ಸಂಬಳ ಕೊಟ್ಟು ಓದಿಸಲಿ. ಅವರಿಗೆ ಓದಲಾಗದ್ದು ವಾಪಸ್ಸು ಹೋಗಲಿ.