ಸೂಚನೆಯೋ, ವಿಧಿಲಿಖಿತವೋ?



ಮಾಸ್ತಿ ಸೀಮೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವ ರೋಗಿಯ ಗಡ್ಡೆಯ ತುಣುಕನ್ನು ಪರೀಕ್ಷಿಸಿ, ಕ್ಯಾನ್ಸರಿನ ಮುಂದಿನ ಗತಿಯನ್ನು ವೈದ್ಯರು ಇಂದು ಊಹಿಸಬಲ್ಲರು. ಹಾಗಾದರೆ ಅದು ವಿಧಿಲಿಖಿತವೇ?

ಸ್ತನದ ಕ್ಯಾನ್ಸರಿನಲ್ಲಿ ಹರ್-2 ಎಂಬ ಗುರುತು ಹೆಚ್ಚಿದ್ದರೆ ಅಶುಭವೆಂದು 1987ರ ಅಧ್ಯಯನವೊಂದು ತೋರಿಸಿತು. ಅದನ್ನೇ ಗುರಿಯಾಗಿಸಿಕೊಂಡ ಟ್ರಾಸ್ಟುಜುಮಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಬಳಿಕ, ಆ ಅಶುಭ ಲಕ್ಷಣವೇ ಚಿಕಿತ್ಸೆಗೆ ದಾರಿ ತೋರುವ ಕೈಮರವಾಯಿತು. ಪುರುಷಪ್ರಯತ್ನಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಪಿಡಿ-ಎಲ್1 ಎಂಬ ಇನ್ನೊಂದು ಗುರುತು, ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧ ಫಲಿಸೀತೇ ಎಂಬುದಕ್ಕೆ ಸುಳಿವು. ಆದರೆ ಅದಿದ್ದೂ ಫಲ ಕಾಣದವರುಂಟು, ಇಲ್ಲದೆಯೂ ಕಂಡವರುಂಟು. ಗುರುತು ಬಹುಜನರಲ್ಲಿ ಕಂಡುದನ್ನು ಹೇಳುತ್ತದೆ. ಒಬ್ಬರ ಆಯುಷ್ಯವನ್ನು ಅಳೆಯಲಾರದು.

ಆದಕಾರಣ, ತಿಳಿಯಬಯಸುವ ರೋಗಿಯಿಂದ ಅದನ್ನು ಮನೆಯವರು ಮುಚ್ಚಿಡುವುದು ಸಲ್ಲದು. ದೇಹ ಅವರದು, ನಿರ್ಧಾರವೂ ಅವರದೇ ಆಗಬೇಕು, ಮೆಲುದನಿಯಲ್ಲಿ ಹೇಳೋಣ. ದಾರಿ ಕಂಡ ಮೇಲೂ ಔಷಧದ ಬೆಲೆಯೇ ಅಡ್ಡ ನಿಂತರೆ? ಗುರುತನ್ನು ಓದುವುದು ವೈದ್ಯರ ಕಾಯಕ. ವೆಚ್ಚಕ್ಕೆ ಹೆಗಲು ಕೊಡುವುದು ನಮ್ಮ ದಾಸೋಹ. ಬಡವರು ವಿಧಿಯೆಂದು ಕೈಚೆಲ್ಲುವ ಮೊದಲು ನಾವು ಅವರ ಬಾಗಿಲಿಗೆ ಹೋಗಬೇಕು.